ಹಾಲೂ ಓಟವೂ

ಆಗಸ್ಟ್ 4, ಬೆಳಿಗ್ಗೆ

ಹೊರಡುವ ಮುಂಚೆ ಎರಡೂ ಕಡೆ ಕುಡಿಸಿದೆ. ಪಾಪು ಅರೆನಿದ್ದೆಯಲ್ಲೇ ಚೀಪಿದಳು. ತೇಗು ಬರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ತಟ್ಟುತ್ತಾ ಕೂತರೆ ಆರು ಗಂಟೆಯ ಬಸ್ಸು ಹೋಗುತ್ತದೆ. ಅಮ್ಮನ ಕೈಗೆ ಕೊಟ್ಟು ಓಡಿದೆ. ದಿನದ ಮೊದಲ ಓಟ ಬಸ್ಸಿಗೆ. ಇದನ್ನು ಯಾರೂ ಸ್ಟಾಪ್‌ವಾಚ್ ಹಿಡಿದು ನೋಡುವುದಿಲ್ಲ.

ಮಧುಗಿರಿ ಗ್ರೌಂಡ್‌ನಲ್ಲಿ ಇವತ್ತು ನಾನ್ನೂರು ಮೀಟರ್ ಎರಡು ಸಲ. ಮೊದಲನೆಯದು ಎರಡು ನಿಮಿಷ ಹದಿನಾರು ಸೆಕೆಂಡ್. ಎರಡನೆಯದನ್ನು ಬರೆಯುವುದಿಲ್ಲ, ನಾಚಿಕೆ. ಬೇಕಿರುವುದು ಎರಡು ನಿಮಿಷದೊಳಗೆ. ಅಂಬರೀಶ್ ಸರ್ ವಿಷಲ್ ತುಟಿಯಲ್ಲೇ ಇಟ್ಟುಕೊಂಡು ಹೇಳಿದರು, "ಏನಮ್ಮ ವನಜಾಕ್ಷಿ, ಹೆಗಲ್ ಮೇಲೆ ಮೂಟೆ ಹೊತ್ಕಂಡಂಗೆ ಓಡ್ತಿದೀಯ. ತೂಕ ಇಳ್ಸು. ಮಿಕ್ಕಿದ್ದು ಅದೇ ಬತ್ತದೆ." ಸರ್ ಬರಗೂರಿನವರು. ಮಿಲಿಟರಿಯಿಂದ ಬಂದ ಮೇಲೆ ಪೊಲೀಸ್ ಫಿಸಿಕಲ್‌ಗೆ ಹುಡುಗರನ್ನು ತಯಾರು ಮಾಡುತ್ತಾರೆ. ಹುಡುಗಿಯರು ನಾವು ನಾಲ್ಕೈದು ಜನ. ಹೆತ್ತವಳು ನಾನೊಬ್ಬಳೇ.

ಕಾನ್‌ಸ್ಟೇಬಲ್ ರಿಟನ್ ಪಾಸಾದಾಗ ಏಳು ತಿಂಗಳ ಬಸುರಿ. ಫಿಸಿಕಲ್, ಅಂದರೆ ಓಟ, ಲಾಂಗ್ ಜಂಪ್, ಗುಂಡು ಎಸೆತ, ಅಕ್ಟೋಬರ್‌ನಲ್ಲಿ ಅನ್ನುತ್ತಾರೆ. ವಯಸ್ಸಿನ ಮಿತಿ ನೋಡಿದರೆ ನನಗೆ ಇದೇ ಕೊನೆ. ಇದು ಹೋದರೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಪಾಪುಗೆ ನಾಲ್ಕು ತಿಂಗಳು. ನನ್ನ ಹಾಲು ಬಿಟ್ಟರೆ ಅವಳಿಗೆ ಬೇರೆ ಊಟವಿಲ್ಲ. ಇರುವುದು ಒಂದೇ ಮೈ. ಅವಳಿಗೂ ಅದೇ ಬೇಕು, ಓಟಕ್ಕೂ ಅದೇ ಬೇಕು.

ಆಗಸ್ಟ್ 6, ಮಧ್ಯಾಹ್ನ

ನನ್ನ ತಟ್ಟೆಯ ಮೇಲೆ ಇಬ್ಬರ ಆಡಳಿತ.

ಅಮ್ಮನದು ಬಾಣಂತಿ ಪಥ್ಯ. ಮೊಸರು ಬೇಡ, ಶೀತ. ಬದನೆಕಾಯಿ ಬೇಡ, ನಂಜು. ಕುಂಬಳ ಬೇಡ, ಸೌತೆ ಬೇಡ, ಸೊಪ್ಪು ಬೇಡ. ಬಾಳೆಹಣ್ಣಿನ ಮಾತೇ ಎತ್ತಬಾರದು. ನೀರಂತೂ ಕಾಯಿಸಿದ್ದು, ಅದೂ ಊಟಕ್ಕೆ ಅರ್ಧ ಲೋಟ. "ಬಾಣ್ತಿ ನೀರ್ ಕುಡುದ್ರೆ ಹೊಟ್ಟೆ ಇಳಿಯಲ್ಲ ಕಣೇ. ನಿನ್ ಹೆತ್ತಾಗ ನಾನು ಬಾಯಿ ಒದ್ದೆ ಮಾಡ್ಕಂಡಿದ್ದೇ ಹೆಚ್ಚು. ನೋಡು, ಇವತ್ಗೂ ಹೊಟ್ಟೆ ಐತಾ ನಂಗೆ?" ಇಲ್ಲ. ನಮ್ಮಮ್ಮ ಪಟಾಲಮ್ಮನ ಹೊಟ್ಟೆ ಬೆನ್ನಿಗೆ ಅಂಟಿದೆ. ಕೂಲಿ ಮಾಡಿ ಮಾಡಿ ಅಂಟಿದ್ದು, ನೀರು ಬಿಟ್ಟು ಅಲ್ಲ. ಹಾಗಂದರೆ ಕೇಳುವ ಹೆಂಗಸಲ್ಲ. ನಾಲ್ಕು ತಿಂಗಳಾದರೂ ಅವಳ ಪಾಲಿಗೆ ನಾನು ಹಸಿ ಬಾಣಂತಿ.

ಅಂಬರೀಶ್ ಸರ್ ಅವರದು ಇನ್ನೊಂದು ಪಥ್ಯ. ಅನ್ನ ಬೇಡ. ಮುದ್ದೆ ಒಂದು ಹೊತ್ತು, ಅದೂ ಸಣ್ಣದು. ತುಪ್ಪ ಬೇಡ, ಬೆಲ್ಲ ಬೇಡ, ಕಡಲೆಕಾಯಿ ಬೇಡವೇ ಬೇಡ. ಮೊಟ್ಟೆಯ ಬಿಳಿ ತಿನ್ನು, ಸೌತೆಕಾಯಿ ತಿನ್ನು, ಮೊಸರು ತಿನ್ನು.

ಸೌತೆಕಾಯಿ, ಮೊಸರು ಅಮ್ಮ ಕೊಡುವುದಿಲ್ಲ. ತುಪ್ಪ, ಬೆಲ್ಲ ಸರ್ ಬಿಡುವುದಿಲ್ಲ. ಇಬ್ಬರ ಮಾತೂ ಕೇಳಿದರೆ, ಒಂದು ಹೊತ್ತಿನ ಸಣ್ಣ ಮುದ್ದೆ ಬಿಟ್ಟು, ತಟ್ಟೆಯಲ್ಲಿ ಉಳಿಯುವುದು ಮೊಟ್ಟೆಯ ಬಿಳಿ ಮತ್ತು ಉಪ್ಪು. ನಾನು ಇಬ್ಬರ ಮಾತೂ ಕೇಳುತ್ತಿದ್ದೇನೆ. ಒಬ್ಬರ ಕೈಗೆ ಮಗು ಕೊಟ್ಟು ಹೋಗಬೇಕು, ಇನ್ನೊಬ್ಬರ ವಿಷಲ್‌ಗೆ ಓಡಬೇಕು. ಯಾರನ್ನು ಎದುರು ಹಾಕಿಕೊಳ್ಳಲಿ? ಮೊಟ್ಟೆಯ ಹಳದಿ ಅಪ್ಪನ ತಟ್ಟೆಗೆ ಹೋಗುತ್ತಿದೆ. ಈ ಮನೆಯಲ್ಲಿ ದಪ್ಪ ಆಗುತ್ತಿರುವವರು ಅವರೊಬ್ಬರೇ.

ಆಗಸ್ಟ್ 14

ಐವತ್ತೇಳು ಇದ್ದದ್ದು ಐವತ್ತನಾಲ್ಕು! ಅಂಗನವಾಡಿಯ ತೂಕದ ಮಿಷನ್ ಮೇಲೆ ಹತ್ತಿ ಇಳಿದು ಮತ್ತೆ ಹತ್ತಿದೆ. ಸುಳ್ಳಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆ ಗಂಗಾಂಬಿಕಾ ಅಕ್ಕ ಅಲ್ಲೇ ಇದ್ದಳು. "ಇಷ್ಟು ಬೇಗ್ನೆ ಇಳಿಬೋದೇನೇ?" ಅಂದಳು. ಹೊಟ್ಟೆಕಿಚ್ಚು ಅಂದುಕೊಂಡೆ, ಅವಳದು ಎಂಬತ್ತು ಇದೆ.

ಓಟ ಎರಡು ಒಂಬತ್ತು. ತೂಕ ಇಳಿದ ಹಾಗೆ ಟೈಮೂ ಇಳಿಯುತ್ತಿದೆ. ಹೀಗೇ ಹೋದರೆ ಗಣಪತಿ ಹಬ್ಬದ ಹೊತ್ತಿಗೆ ಎರಡು ನಿಮಿಷ.

ಎರಡನೇ ರೌಂಡ್‌ನಲ್ಲಿ ಎದೆ ಸೋರಿತು. ಟೀ ಶರ್ಟ್ ಮೇಲೆ ಎರಡು ಒದ್ದೆ ಕಲೆ. ಪುಲ್‌ಅಪ್ಸ್ ಹೊಡೆಯುತ್ತಿದ್ದವನೊಬ್ಬ ಪಕ್ಕದವನಿಗೆ ಮೊಣಕೈ ತಾಗಿಸಿದ. ಓಟ ನಿಲ್ಲಿಸಿ ಹತ್ತಿರ ಹೋದೆ. "ಏನ್ಲಾ, ನೀನು ಹುಟ್ಟಿದ್ ದಿನದಿಂದ ಮುದ್ದೆ ತಿಂದು ಬೆಳೆದ್ಯಾ?" ತಲೆ ತಗ್ಗಿಸಿದ. ಸಹನಾ ನಗುತ್ತಾ ಬಂದು ತನ್ನ ಜಾಕೆಟ್ ಹೊದಿಸಿದಳು. ತೋವಿನಕೆರೆಯ ಹುಡುಗಿ, ಇಪ್ಪತ್ತು ತುಂಬಿದೆಯೋ ಇಲ್ಲವೋ. ಅವಳು ಓಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಇಷ್ಟ.

ಗುಂಡು ಎಸೆತ ಪ್ರಾಕ್ಟೀಸ್ ಮಾಡಲೇ ಎಂದು ಕೇಳಿದೆ. "ಅದು ನಿಂಗೆ ಬಿಟ್ಟಿ ಸಿಕ್ಕಂಗೆ ಕಣಮ್ಮ. ಓಟ ನೋಡ್ಕ" ಅಂದರು ಸರ್. ನಿಜ. ಕಾಲೇಜಿನಿಂದಲೂ ಗುಂಡು ನನ್ನದೇ.

ಆಗಸ್ಟ್ 24, ಭಾನುವಾರ

ಪಾವಗಡದಿಂದ ಇವರು ಬಂದಿದ್ದರು. ಸೋಲಾರ್ ಪಾರ್ಕ್ ಕೆಲಸ, ಭಾನುವಾರವೂ ರಜೆ ಸಿಕ್ಕರೆ ಪುಣ್ಯ. ಹುರಿದ ಕಡಲೆಬೀಜ ತಂದಿದ್ದರು, ಬಿಸಿ ಆರದ ಹಾಗೆ ಟವೆಲ್‌ನಲ್ಲಿ ಸುತ್ತಿಕೊಂಡು. ನಾನು ಒಂದು ಕಾಳೂ ಮುಟ್ಟಲಿಲ್ಲ. ಮುಖ ಸಣ್ಣದು ಮಾಡಿಕೊಂಡರು.

ಪಾಪುವನ್ನು ಎತ್ತಿಕೊಂಡು ಮೇಲೆ ಕೆಳಗೆ ಆಡಿಸಿದರು. ಆಮೇಲೆ ಸುಮ್ಮನೆ ಹಿಡಿದುಕೊಂಡು ನಿಂತರು. "ಹಗೂರ ಆಗವ್ಳಲ್ಲ?"

"ಉದ್ದ ಆಗ್ತಿದಾಳೆ ಬುಡಿ" ಅಂದೆ.

ಫೋನ್‌ನಲ್ಲಿ ಅತ್ತೆ ರಾಮಾಂಜಿನಮ್ಮ. ಅವರ ಮಾತು ಅರ್ಧ ತೆಲುಗು. "ಏಮ್ಮಾ, ಪಾಪಕಿ ಪಾಲು ಸರಿಪೋತಾ ಉಂಡಾಯಾ? ಬಾಗಾ ತಿನ್ನು ತಾಯಿ." ಮಗುವಿಗೆ ಹಾಲು ಸಾಕಾಗುತ್ತಿದೆಯಾ ಅಂತ. ಸಾಕಾಗುತ್ತಿದೆ ಅಂದೆ. ಸುಳ್ಳು ಹೇಳುವುದಕ್ಕೆ ತೆಲುಗು ಸುಲಭ.

ಓಟ ಎರಡು ಎಂಟಕ್ಕೆ ಬಂದು ನಿಂತಿದೆ. ಒಂದು ವಾರದಿಂದ ಅಲ್ಲಾಡುತ್ತಿಲ್ಲ. ನಾಳೆಯಿಂದ ಸಂಜೆ ಊಟ ಪೂರ್ತಿ ಬಿಡುತ್ತೇನೆ.

ಆಗಸ್ಟ್ 31

ಪಾಪು ಎದೆ ಹಿಡಿಯುತ್ತಾಳೆ, ಎಳೆಯುತ್ತಾಳೆ, ಬಿಟ್ಟು ಅಳುತ್ತಾಳೆ. ಮತ್ತೆ ಹಿಡಿಯುತ್ತಾಳೆ. ಅಮ್ಮ ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನೂ ಸುಮ್ಮನೆ ಕೂತು ನಿವಾಳಿಸಿಕೊಂಡೆ. ದೃಷ್ಟಿಯೇ ಆಗಿದ್ದರೆ ಎಷ್ಟು ಚೆನ್ನ.

ಸೆಪ್ಟೆಂಬರ್ 3

ಐವತ್ತೊಂದು ಕೆಜಿ. ಓಟ ಎರಡು ಹದಿಮೂರು.

ಇದು ಹೇಗೆ? ಆರು ಕೆಜಿ ಇಳಿಸಿ ವಾಪಸ್ ಹೊರಟ ಕಡೆಗೇ ಬಂದಿದ್ದೇನಾ? ಕೊನೆಯ ತಿರುವಿನಲ್ಲಿ ಮಧುಗಿರಿ ಬೆಟ್ಟ ಎರಡಾಗಿ ಕಂಡಿತು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮೂತ್ರ ಅರಿಶಿನದ ನೀರಿನ ಹಾಗೆ. ಸಹನಾ ಬಾಟಲ್ ಕೊಟ್ಟಳು. ಎರಡು ಗುಟುಕು ಕುಡಿದು ಅಮ್ಮನ ಮುಖ ನೆನಪಾಗಿ ಮುಚ್ಚಿಟ್ಟೆ. ಎಷ್ಟು ಓದಿದರೇನು? ತಣ್ಣೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ ಅನ್ನುವುದು ನನ್ನ ತಲೆಯಲ್ಲೂ ಎಲ್ಲೋ ಕೂತಿದೆ.

"ಇನ್ನೆರಡು ಕೆಜಿ ಇಳ್ದ್ರೆ ಸರೋಯ್ತದೆ" ಅಂದರು ಸರ್. ಈ ಸಲ ಅವರ ದನಿಯಲ್ಲಿ ಗಟ್ಟಿತನ ಇರಲಿಲ್ಲ.

ಸೆಪ್ಟೆಂಬರ್ 9

ಗುಂಡು ಗೆರೆ ಮುಟ್ಟಲಿಲ್ಲ.

ಬರೆಯುವುದಕ್ಕೇ ಕೈ ಬರುತ್ತಿಲ್ಲ. ಎಲ್ಲರದೂ ಒಂದೊಂದು ಸಲ ನೋಡೋಣ ಅಂತ ಸರ್ ಸುಣ್ಣದ ಗೆರೆ ಎಳೆದರು, ಟೆಸ್ಟ್‌ನಲ್ಲಿ ದಾಟಬೇಕಾದಷ್ಟು ದೂರಕ್ಕೆ. ನಾನು ನಗುತ್ತಲೇ ನಿಂತೆ. ಆ ಗೆರೆಯನ್ನು ಡಿಗ್ರಿ ಓದುವಾಗ ನಿಂತಲ್ಲೇ ನಿಂತು ದಾಟಿಸುತ್ತಿದ್ದೆ. ಕಡಲೆಕಾಯಿ ಮೂಟೆಯನ್ನು ಅಪ್ಪನ ಜೊತೆ ಟ್ರ್ಯಾಕ್ಟರ್‌ಗೆ ಎತ್ತಿ ಹಾಕಿದ ತೋಳು ಇದು. ಗುಂಡು ಕುತ್ತಿಗೆಗೆ ಒತ್ತಿ ಹಿಡಿದಾಗಲೇ ಮಣಿಕಟ್ಟು ನಡುಗಿತು. ಎಸೆದೆ. ಎರಡು ಗೇಣು ಈಚೆ ಬಿತ್ತು. ಜಾರಿತು ಅಂದೆ. ಮತ್ತೆ ಎಸೆದೆ. ಇನ್ನೂ ಈಚೆ. ಮೂರನೆಯದು ಎಲ್ಲಿ ಬಿತ್ತೆಂದು ನೋಡಲೂ ಇಲ್ಲ.

ಕಡ್ಡಿಯ ಹಾಗಿರುವ ಸಹನಾ ಗೆರೆ ದಾಟಿಸಿದಳು.

ಸರ್ ಹತ್ತಿರ ಬಂದು ನನ್ನ ತೋಳು ನೋಡಿದರು. "ತೋಳೆಲ್ಲೋಯ್ತಮ್ಮ?" ಬೈಗುಳವಲ್ಲ, ಗಾಬರಿ. ಆಗ ನಾನೂ ನೋಡಿಕೊಂಡೆ. ಟೀ ಶರ್ಟಿನ ತೋಳು ಜೋತಾಡುತ್ತಿದೆ. ಕೊಬ್ಬು ಇಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ತೋಳನ್ನೂ ತೊಡೆಯನ್ನೂ ಇಳಿಸಿದ್ದೇನೆ. ಹೊಟ್ಟೆ ಮಾತ್ರ ಇನ್ನೂ ಸ್ವಲ್ಪ ಹಾಗೇ ಇದೆ, ಅದಕ್ಕೆ ನಾಚಿಕೆಯಿಲ್ಲ.

ಓಟ ಬರಲಿಲ್ಲ. ಇದ್ದ ಗುಂಡೂ ಹೋಯಿತು. ಉಳಿದಿರುವುದು ಒಂದು ತಿಂಗಳು.

ಸೆಪ್ಟೆಂಬರ್ 10, ಮಧ್ಯಾಹ್ನ

ಅಂಗನವಾಡಿಯಲ್ಲಿ ಮಕ್ಕಳ ತೂಕ. ಪಾಪುವನ್ನು ತೊಟ್ಟಿಲ ತಕ್ಕಡಿಯಲ್ಲಿ ಮಲಗಿಸಿದರು. ಗಂಗಾಂಬಿಕಾ ಅಕ್ಕ ಮುಳ್ಳು ನೋಡಿದಳು, ತಕ್ಕಡಿ ತಟ್ಟಿದಳು, ಮತ್ತೆ ನೋಡಿದಳು. "ಹೋದ್ ತಿಂಗ್ಳು ಎಷ್ಟಿತ್ತೋ ಅಷ್ಟೇ ಐತಲ್ಲೇ" ಅಂದಳು. "ಒಂದ್ ಗ್ರಾಂ ಏರಿಲ್ಲ."

ಅಲ್ಲಿಯವರೆಗೆ ನನ್ನ ತೂಕವನ್ನಷ್ಟೇ ನೋಡುತ್ತಿದ್ದೆ. ಒಂದೇ ಕೋಣೆ, ಎರಡು ತಕ್ಕಡಿ. ಈ ಕಡೆ ನಾನು ಇಳಿದಷ್ಟೂ ಕುಣಿದಾಡಿದೆ. ಆ ಕಡೆ ಅವಳು ಏರಲೇ ಇಲ್ಲ. ಐದು ತಿಂಗಳ ಮಗುವಿನ ಕೈ ನೋಡಿದೆ. ಮಣಿಕಟ್ಟಿನ ಹತ್ತಿರ ಇದ್ದ ಮಡಿಕೆ ಇಲ್ಲ. ಯಾವಾಗ ಹೋಯಿತು? ದಿನಾ ಆ ಕೈ ನನ್ನ ಎದೆಯ ಮೇಲೇ ಇತ್ತಲ್ಲ.

ಅಲ್ಲೇ ಅಳು ಬಂತು. ಎಲ್ಲರ ಮುಂದೆ. ಅತ್ತುಬಿಟ್ಟೆ. ಅಕ್ಕ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ನೀರು ಎಷ್ಟು ಕುಡೀತೀಯೇ?"

ಹೇಳಿದೆ. ಅವಳು ಸೆರಗು ಬಾಯಿಗೆ ಹಿಡಿದುಕೊಂಡಳು.

ಅದೇ ದಿನ, ಸಂಜೆ

ಮನೆಯಲ್ಲಿ ಜಗಳ. ಅಕ್ಕ ಮನೆಗೇ ಬಂದು ಅಮ್ಮನಿಗೆ ಹೇಳಿದಳು, ನೀರು ಕೊಡು, ಸೊಪ್ಪು ಕೊಡು, ಹೊಟ್ಟೆ ತುಂಬ ಉಣ್ಣಿಸು ಅಂತ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾಕ್ ಮಕ್ಳ ಹೆತ್ತು ಸಾಕಿವ್ನಿ. ನಂಗೇಳಕ್ ಬತ್ತೀಯಾ? ಹಾಲು ಬತ್ತಿರದು ಆ ಓಟದಿಂದ. ಬಾಣ್ತಿ ಬೀದಿ ಬೀದಿ ಓಡುದ್ರೆ ಹಾಲು ನಿಂತದಾ?"

ಇವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅಂದರು, "ಡಬ್ಬಿ ಹಾಲು ತಂದಾಕನ. ನೀನು ಓಟ ನೋಡ್ಕ. ಇಲ್ಲಾ ಓಟ ಬುಟ್ಬುಡು. ಎರಡ್ರಲ್ಲಿ ಒಂದು ಮಾಡು ವನಜಾ." ಕೋಪ ಬಂತು. ಎರಡರಲ್ಲಿ ಒಂದು ಅನ್ನುವುದು ಎಲ್ಲರಿಗೂ ಸುಲಭ. ಇವರಿಗೆ ಯಾರೂ ಅಪ್ಪನಾಗು ಇಲ್ಲಾ ಸೋಲಾರ್ ಕೆಲಸ ಮಾಡು ಅಂದಿಲ್ಲ. ಅದನ್ನೇ ಹೇಳಿ ಫೋನ್ ಇಟ್ಟೆ.

ಅಪ್ಪ ಕದಿರಯ್ಯ ಇದೆಲ್ಲ ಮುಗಿಯುವವರೆಗೆ ಜಗುಲಿಯಲ್ಲಿ ಕೂತಿದ್ದರು. ಗೋಡೆಯ ಮೇಲಿನ ಬುದ್ಧನ ಪಟ ತೋರಿಸಿದರು. "ಆತ್ನೂವೆ ಉಣ್ಣದಂಗೆ ಕೂತು ಮೂಳೆ ಚಕ್ಕಳ ಆಗಿದ್ದ ಕಣಮ್ಮ. ಒಬ್ಳು ಹೆಣ್ಮಗ್ಳು ಪಾಯ್ಸ ತಂದ್ಕೊಟ್ಳು. ಉಂಡ. ಆಮೇಲೆ ತಾನೆ ಆದದ್ದು ಎಲ್ಲ."

"ಆತನಿಗೆ ನಾನ್ನೂರು ಮೀಟರ್ ಓಟ ಇರಲಿಲ್ಲ ಅಪ್ಪ" ಅಂದೆ. ನಕ್ಕರು. ನನಗೂ ನಗು ಬಂತು, ಅಳುತ್ತಲೇ.

ಸೆಪ್ಟೆಂಬರ್ 11

ದೊಡ್ಡೇರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವನ್ನು ನೋಡಿದರು, ನನ್ನ ಕಣ್ಣು ಕೆಳಗೆ ಎಳೆದು ನೋಡಿದರು. ರಕ್ತ ಕಡಿಮೆ. ಮಗುವಿಗೆ ರೋಗವಿಲ್ಲ, ಹಸಿವು ಅಷ್ಟೇ. ಅಷ್ಟೇ ಅಂದರು! ಹಾಲು ಇನ್ನೂ ಬತ್ತಿಲ್ಲ, ಉಂಡರೆ, ಕುಡಿದರೆ, ಬಾರಿ ಬಾರಿ ಬಾಯಿಗಿಟ್ಟರೆ ಬರುತ್ತದೆ. ಹತ್ತು ದಿನ ನೋಡೋಣ, ತೂಕ ಏರದಿದ್ದರೆ ಮೇಲೆ ಡಬ್ಬಿ ಹಾಲು. ಓಡಬಹುದಾ ಎಂದು ಕೇಳಿದೆ. "ಉಣ್ಣದೆ ಓಡಬಾರದು" ಅಂದರು.

ಅಲ್ಲಿಂದ ಗ್ರೌಂಡ್‌ಗೆ. ಪಾಪುವನ್ನೂ ಎತ್ತಿಕೊಂಡೇ ಹೋದೆ. ಅಂಬರೀಶ್ ಸರ್‌ಗೆ ಎಲ್ಲ ಹೇಳಿದೆ, ಒಂದೇ ಉಸಿರಿಗೆ. ಅವರು ಕ್ಯಾಪ್ ತೆಗೆದು ತಲೆ ಕೆರೆದುಕೊಂಡರು. "ನಂಗೆ ಗಂಡ್ ಹುಡುಗ್ರನ್ನ ರೆಡಿ ಮಾಡಿ ಗೊತ್ತು ಕಣಮ್ಮ. ಹೊಟ್ಟೆ ಇದ್ದೋನ್ಗೆ ಹೇಳೋದನ್ನೇ ನಿಂಗೂ ಹೇಳ್ಬುಟ್ಟೆ. ಇನ್ನೊಂದ್ ಜೀವ ನಿನ್ ಮೈಯಿಂದ ಉಣ್ತದೆ ಅನ್ನೋದು ತಲೇಗೇ ಬರ್ಲಿಲ್ಲ." ಪಾಪು ಅವರ ವಿಷಲ್ ಹಿಡಿದು ಎಳೆದಳು.

ಹೊಸ ಪ್ಲಾನ್: ದಿನಾ ಓಟ ಇಲ್ಲ. ವಾರಕ್ಕೆ ಮೂರು ಸಲ, ಚಿಕ್ಕ ಚಿಕ್ಕ ಓಟ, ಜೋರಾಗಿ. ಉಳಿದ ದಿನ ಗುಂಡು, ಬಸ್ಕಿ, ಮರಳು ಚೀಲ. ಊಟ ಹೊಟ್ಟೆ ತುಂಬ. "ತೂಕ ಏರ್ತದಲ್ಲ ಸರ್?" ಅಂದೆ. "ಏರ್ಲಿ. ತೊಡೇಗೆ ಏರುದ್ರೆ ಓಡ್ತೀಯ" ಅಂದರು. ನಿಜವಾಗಿ ಗೊತ್ತಿದ್ದು ಹೇಳಿದರೋ, ನನ್ನ ಮುಖ ನೋಡಿ ಹೇಳಿದರೋ.

ಸೆಪ್ಟೆಂಬರ್ 12

ನೀರಿನ ಮಾತು ನಾನೇ ಎತ್ತಬೇಕು ಅಂದುಕೊಂಡು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಜಗಳ ಆಡುತ್ತಿದ್ದೆ. ಕುಡಿಸಲು ಕೂತರೆ ತೊಟ್ಟಿಲ ಪಕ್ಕ ಹಿತ್ತಾಳೆ ತಂಬಿಗೆ, ತುಂಬ ನೀರು. ಮುಚ್ಚಳದ ಮೇಲೆ ಬೆಲ್ಲದ ಉಂಡೆ. ಅಮ್ಮ ಅಡುಗೆಮನೆಯಿಂದ ಈಚೆ ಬರಲೇ ಇಲ್ಲ. ಪಾತ್ರೆ ಮಾತ್ರ ಜೋರಾಗಿ ಕುಕ್ಕುತ್ತಿದ್ದಳು.

ಅಷ್ಟೂ ಕುಡಿದೆ. ನೀರು ಇಷ್ಟು ರುಚಿ ಅಂತ ಗೊತ್ತಿರಲಿಲ್ಲ.

ಸೆಪ್ಟೆಂಬರ್ 22

ಮುದ್ದೆ, ಹುರುಳಿಕಾಳು ಸಾರು, ನುಗ್ಗೆಸೊಪ್ಪು. ಇಡೀ ಮೊಟ್ಟೆ, ಹಳದಿ ಸಮೇತ. ಅಪ್ಪನಿಗೆ ನಷ್ಟ. ಭಾನುವಾರ ಇವರು ಕುರಿ ಕಾಲು ತಂದಿದ್ದರು. ಇವರೇ ಒಲೆ ಮುಂದೆ ಕೂತು ಕಾಲು ಸುಟ್ಟು ಕೆರೆದು ಕೊಟ್ಟರು.

ನಿನ್ನೆಗೆ ಡಾಕ್ಟರಮ್ಮನ ಹತ್ತು ದಿನ ಮುಗಿಯಿತು. ಇವತ್ತು ಅಂಗನವಾಡಿಯ ತಕ್ಕಡಿಯಲ್ಲಿ ಮಲಗಿಸಿದೆ. ಪಾಪು ಏರಿದ್ದಾಳೆ. ಸ್ವಲ್ಪವೇ. ಗಂಗಾಂಬಿಕಾ ಅಕ್ಕ ಅವಳ ಕೆನ್ನೆ ಹಿಂಡಿದಳು, ಅವಳು ಕಿರುಚಿದಳು. ಎಂಥ ಗಟ್ಟಿ ದನಿ!

ನಾನೂ ಎರಡು ಕೆಜಿ ಏರಿದ್ದೇನೆ. ಹೆದರಿಕೆ. ಓಟ ಎರಡು ಒಂಬತ್ತು. ಬೇಕಾದ್ದಕ್ಕೆ ಇನ್ನೂ ಬಹಳ ದೂರ. ಇದೆಲ್ಲ ಒಂದು ತಿಂಗಳ ಹಿಂದೆಯೇ ತಿಳಿಯಬಾರದಿತ್ತೇ?

ಅಕ್ಟೋಬರ್ 5

ಎರಡು ನಿಮಿಷ ಮೂರು ಸೆಕೆಂಡ್. ಸರ್ ವಾಚ್ ನನ್ನ ಮೂಗಿನ ಹತ್ತಿರ ಹಿಡಿದರು. ತೂಕ ಐವತ್ತನಾಲ್ಕು. ಆಗಸ್ಟ್‌ನಲ್ಲಿ ಇದೇ ತೂಕದಲ್ಲಿ ಎರಡು ಒಂಬತ್ತು ಓಡಿದ್ದೆ. ಮಿಷನ್‌ಗೆ ಎರಡೂ ಒಂದೇ. ನನ್ನ ಕಾಲಿಗೆ ಒಂದೇ ಅಲ್ಲ.

ಗುಂಡು ಒಂದು ಸಲ ಗೆರೆ ದಾಟಿತು, ಎರಡು ಸಲ ಗೆರೆಯ ಮೇಲೇ ಕೂತಿತು. ಗೆರೆಯ ಮೇಲೆ ಬಿದ್ದರೆ ಪಾಸೋ ಫೇಲೋ ಅಂತ ಸಹನಾಗೂ ನನಗೂ ಅರ್ಧ ಗಂಟೆ ವಾದ.

ಫಿಸಿಕಲ್ ಹದಿನಾರಕ್ಕೆ. ತುಮಕೂರು. ಮೆಸೇಜ್ ಬಂತು.

ಅಕ್ಟೋಬರ್ 15

ಸುಮ್ಮನೆ ಇರು ಅಂದಿದ್ದಾರೆ ಸರ್. ಸುಮ್ಮನೆ ಇರುವುದು ಹೇಗೆ? ಮೂರು ಸಲ ಶೂ ತೊಳೆದೆ.

ಅಕ್ಟೋಬರ್ 16, ಸಂಜೆ, ಬಸ್ಸಿನಲ್ಲಿ

ತೊಡೆಯ ಮೇಲೆ ಪಾಪು, ಪಕ್ಕದಲ್ಲಿ ಇವರು ಬಾಯಿ ತೆರೆದು ನಿದ್ದೆ. ಬಸ್ಸು ಕುಲುಕುತ್ತಿದೆ, ಅಕ್ಷರ ಎಲ್ಲೆಲ್ಲೋ ಹೋಗುತ್ತಿದೆ. ಈಗಲೇ ಬರೆಯಬೇಕು.

ಬೆಳಿಗ್ಗೆ ಆರಕ್ಕೆ ಒಳಗೆ ಬಿಟ್ಟರು. ಫೋನ್ ಇಲ್ಲ, ಬ್ಯಾಗ್ ಇಲ್ಲ, ಮಗು ಇಲ್ಲ. ಇವರು ಪಾಪುವನ್ನು ಎತ್ತಿಕೊಂಡು ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತರು. ಒಳಗೆ ಹೋಗುವ ಮುಂಚೆ ಕುಡಿಸಿದ್ದೆ. ಎತ್ತರ, ತೂಕ, ಸಹಿ, ಸಾಲು. ಎಂಟಕ್ಕೆ ಓಟ ಅಂದರು. ಒಂಬತ್ತಾಯಿತು. ಹತ್ತೂವರೆ ಆಯಿತು. ಹಾಲು ಕಟ್ಟಿ ಎದೆ ಕಲ್ಲಾಯಿತು. ಕೈ ಎತ್ತಿದರೆ ಕಂಕುಳವರೆಗೆ ನೋವು. ಹಾಲಿಲ್ಲ ಅಂತ ಅತ್ತವಳು ನಾನೇ. ಈಗ ಹಾಲು ಹೆಚ್ಚಾಗಿ ಓಡಲಾರದ ಸ್ಥಿತಿ.

ಗೇಟಿನಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ಹತ್ತಿರ ಹೋದೆ. ಐದು ನಿಮಿಷ ಮೇಡಂ, ಮಗು ಅಲ್ಲೇ ಇದೆ ಅಂದೆ. "ಹೊರಗಡೆ ಹೋದ್ರೆ ವಾಪಸ್ ಬಿಡಂಗಿಲ್ಲ ಕಣಮ್ಮ. ರೂಲ್ಸು." ಆಮೇಲೆ ನನ್ನ ಎದೆ ನೋಡಿದರು. ದನಿ ತಗ್ಗಿಸಿದರು. "ಬಾತ್‌ರೂಮ್ ಆ ಕಡೆ ಐತೆ. ಹಿಂಡ್ಬುಟ್ಟು ಬಾ. ಹಂಗೇ ಓಡ್ಬ್ಯಾಡ, ನಂಗೊತ್ತು."

ಹೋದೆ. ಗೋಡೆಗೆ ಹಣೆ ಒತ್ತಿ ನಿಂತು ಹಿಂಡಿದೆ. ಪಾಪುವಿನ ಅಳು ಕೇಳಿಸುತ್ತಿತ್ತು, ಕಾಂಪೌಂಡ್ ಆಚೆಯಿಂದ. ಅವಳದೇ, ನನಗೆ ಗೊತ್ತು. ಅವಳು ಹಸಿದು ಅಳುತ್ತಿದ್ದಾಳೆ, ನಾನು ಅವಳ ಹಾಲನ್ನು ಮೋರಿಗೆ ಬಿಡುತ್ತಿದ್ದೇನೆ. ಒಂದೊಂದು ತೊಟ್ಟಿಗೂ ಮುದ್ದೆ ಉಂಡಿದ್ದೆ. ಆ ಹೊತ್ತಿನಲ್ಲಿ ಈ ಕೆಲಸ, ಈ ಓಟ, ಆ ವಿಷಲ್, ಎಲ್ಲದರ ಮೇಲೂ ಅಸಹ್ಯ ಹುಟ್ಟಿತು. ಹಿಂಡುವುದು ಮಾತ್ರ ನಿಲ್ಲಿಸಲಿಲ್ಲ.

ಹೊರಗೆ ಬರುವಷ್ಟರಲ್ಲಿ ನನ್ನ ನಂಬರ್ ಕೂಗುತ್ತಿದ್ದರು.

ಓಟ ಹೆಚ್ಚು ನೆನಪಿಲ್ಲ. ಮೊದಲ ಅರ್ಧ ಎಲ್ಲರಿಗಿಂತ ಹಿಂದೆ. ತಿರುವಿನಲ್ಲಿ ಮುಂದಿನವಳ ಜಡೆ ಹತ್ತಿರ ಬಂತು. ತೊಡೆ ಉರಿಯಿತು, ಆದರೆ ಇತ್ತು, ತೊಡೆ ಅನ್ನುವುದು ಇತ್ತು. ಸೆಪ್ಟೆಂಬರ್‌ನಲ್ಲಿ ಅಲ್ಲಿ ಏನೂ ಇರಲಿಲ್ಲ. ಒಂದು ನಿಮಿಷ ಐವತ್ತೇಳು. ಬರೆದುಕೊಂಡವರು ತಲೆ ಎತ್ತಲೂ ಇಲ್ಲ, ನಾನು ಅವರ ಟೇಬಲ್ ಹಿಡಿದುಕೊಂಡು ನಿಂತುಬಿಟ್ಟೆ.

ಲಾಂಗ್ ಜಂಪ್ ಮೊದಲ ಸಲಕ್ಕೇ ಆಯಿತು.

ಗುಂಡು. ಮೊದಲನೆಯದು ಒಂದು ಗೇಣು ಈಚೆ. ಎರಡನೆಯದು ದಾಟಿತು, ಆದರೆ ಕಾಲು ವೃತ್ತದ ಹೊರಗೆ ಬಿತ್ತು. ಕೆಂಪು ಬಾವುಟ. ಉಳಿದಿದ್ದು ಒಂದೇ. ಅಳೆಯುತ್ತಿದ್ದ ಸಾಹೇಬರು ಹೇಳಿದರು, "ಸುಸ್ತಾಗಿದ್ದರೆ ಎರಡು ನಿಮಿಷ ನಿಲ್ಲಿ." ಬೇಡ ಅಂದೆ. ನಿಂತರೆ ಮತ್ತೆ ಆ ಅಳು ಕೇಳಿಸುತ್ತದೆ. ಗುಂಡನ್ನು ಕುತ್ತಿಗೆಗೆ ಒತ್ತಿದೆ. ಮಣಿಕಟ್ಟು ನಡುಗಲಿಲ್ಲ. ಕಾಲಿನಿಂದ ತಳ್ಳಿದೆ, ಸೊಂಟದಿಂದ ತಳ್ಳಿದೆ, ಕೂಗಿದೆ, ಏನು ಕೂಗಿದೆನೋ. ಬಿಳಿ ಬಾವುಟ ಎತ್ತಿದರು.

ಗೇಟಿನಾಚೆ ಇವರು ಓಡಿ ಬಂದರು. "ಏನಾಯ್ತೇ?" ಪಾಪುವನ್ನು ಕಿತ್ತುಕೊಂಡು ಮರದ ಬುಡದಲ್ಲಿ ಕೂತುಬಿಟ್ಟೆ. ಹಾಲು ಸ್ವಲ್ಪವೇ ಇತ್ತು. ಅಷ್ಟಕ್ಕೇ ಸಮಾಧಾನ ಮಾಡಿಕೊಂಡಳು, ನನ್ನ ಬೆವರಿನ ಕುತ್ತಿಗೆ ನೆಕ್ಕುತ್ತಾ.

ಡಿಸೆಂಬರ್ 22

ಲಿಸ್ಟ್ ಬಂತು. ಹೆಸರಿದೆ. ಸಹನಾಳದೂ ಇದೆ. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದಳು, ಎಲ್ಲ ಅವಳ ಪಥ್ಯದಿಂದಲೇ ಆದದ್ದು ಅಂತ ಹೇಳಿಕೊಂಡು. ಹೇಳಿಕೊಳ್ಳಲಿ.

ಫೆಬ್ರವರಿ 2

ಆರ್ಡರ್ ಕೈಗೆ ಬಂತು. ಹದಿನಾರಕ್ಕೆ ಟ್ರೇನಿಂಗ್ ಸ್ಕೂಲಿನಲ್ಲಿ ರಿಪೋರ್ಟ್ ಆಗಬೇಕು. ಎಂಟು ತಿಂಗಳ ಟ್ರೇನಿಂಗ್, ಅಲ್ಲೇ ಹಾಸ್ಟೆಲ್. ಮಗುವಿಗೆ ಜಾಗವಿಲ್ಲ.

ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಯೋಚನೆ ಮಾಡಿರಲಿಲ್ಲ. ಗೆರೆ ದಾಟಿದರೆ ಸಾಕು ಅಂತ ಓಡಿದೆ, ಗೆರೆಯ ಆಚೆ ಏನಿದೆ ಅಂತ ನೋಡಲಿಲ್ಲ. ಮುಂದಿನ ಬ್ಯಾಚ್‌ಗೆ ಹೋಗಲು ಅರ್ಜಿ ಕೊಡಬಹುದಂತೆ. ಮುಂದಿನ ಬ್ಯಾಚ್ ಯಾವಾಗ ಅಂತ ಯಾರಿಗೂ ಗೊತ್ತಿಲ್ಲವಂತೆ. ಇವರು "ನಿನ್ನಿಷ್ಟ" ಅಂದರು. ಅಪ್ಪ "ಹೋಗಮ್ಮ" ಅಂದರು. ಅತ್ತೆ ಫೋನ್‌ನಲ್ಲಿ ಬಹಳ ಹೊತ್ತು ಅತ್ತರು, ಆಮೇಲೆ ಅವರೂ, "ಪೋ ತಾಯಿ. ಪಾಪನ್ನ ನೇನು ಚೂಸ್ಕುಂಟಾನು." ನೋಡಿಕೊಳ್ಳುತ್ತೇನೆ ಅಂತ.

ಹೋಗುತ್ತೇನೆ.

ಫೆಬ್ರವರಿ 8

ಹಗಲಿನದೂ ರಾತ್ರಿಯದೂ ಹಾಲು ಬಿಡಿಸಿದ್ದಾಯಿತು. ರಾಗಿ ಸರಿ ತಿನ್ನುತ್ತಾಳೆ, ಅನ್ನ ಬೇಳೆ ತಿನ್ನುತ್ತಾಳೆ, ಅಪ್ಪನ ಮೀಸೆಯನ್ನೂ ತಿನ್ನಲು ನೋಡುತ್ತಾಳೆ. ಬೆಳಿಗ್ಗೆ ಎದ್ದ ತಕ್ಷಣದ್ದೊಂದು ಮಾತ್ರ ಬಿಡುವುದಿಲ್ಲ. ಅವಳೋ ನಾನೋ.

ಫೆಬ್ರವರಿ 11, ಬೆಳಿಗ್ಗೆ

ಅಮ್ಮ ಬೇವಿನ ಸೊಪ್ಪು ಅರೆದು ಬಟ್ಟಲಲ್ಲಿ ಕೊಟ್ಟಳು. "ಹಚ್ಕ. ಒಂದ್ ಸಲ ಕಹಿ ಆದ್ರೆ ತಾನೇ ಬುಡ್ತಾಳೆ. ನಿನ್ನೂ ಹಂಗೇ ಬುಡ್ಸಿದ್ದು" ಅಂದಳು. ಹೇಳಿ ಹಿತ್ತಿಲಿಗೆ ಹೋದಳು. ಇನ್ನೂ ಬಂದಿಲ್ಲ.

ಎದೆಗೆ ಹಚ್ಚಿಕೊಂಡು ಕೂತಿದ್ದೇನೆ. ಹಸಿರು ಒಣಗುತ್ತಾ ಚರ್ಮ ಬಿಗಿಯುತ್ತಿದೆ. ಬೆರಳು ನೆಕ್ಕಿ ನೋಡಿದೆ. ನನಗೇ ತಡೆಯಲಾಗಲಿಲ್ಲ.

ಪಾಪು ಎದ್ದಳು. ಅಳಲಿಲ್ಲ. ಕಣ್ಣುಜ್ಜಿಕೊಂಡು ನನ್ನನ್ನು ಹುಡುಕಿದಳು. ಸಿಕ್ಕಿದೆ. ಅಂಬೆಗಾಲಲ್ಲಿ ಚಾಪೆ ದಾಟಿ ಬರುತ್ತಿದ್ದಾಳೆ, ನಗುತ್ತಾ. ಒರೆಸಿಕೊಂಡುಬಿಡಲಾ? ಇನ್ನೈದು ದಿನ ಇದೆಯಲ್ಲ, ಇವತ್ತೊಂದು ದಿನ... ಮಂಡಿ ಹಿಡಿದು ಎದ್ದು ನಿಂತಳು. ಬಾಯಿ ತೆರೆದಿದ್ದಾಳೆ —